ಪದಚರ್ಚೆ: ‘ವಿತ್ ದ ರೂಲ್’, ‘ಅಗೇನ್ಸ್ಟ್ ದ ರೂಲ್’ – ಕನ್ನಡದಲ್ಲಿ ಏನನ್ನೋಣ?

ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅಸ್ಟಿಗ್ಮ್ಯಾಟಿಸಂ ಎಂಬ ಹೆಸರಿನಿಂದ ತೊಂದರೆ ಇಲ್ಲ. ‘ಸಿಲಿಂಡರ್ ಪವರ್ ಇದೆ’ ಅಂದರೆ ಕನ್ನಡಕ ಹಾಕುವವರಿಗೆ ಗೊತ್ತಾಗುತ್ತದೆ. ‘ಅಸಮದೃಷ್ಟಿ’ ಅಂತಲೂ ಬರೆಯುತ್ತಾರೆ. ಕಷ್ಟ ಇರುವುದು ಅದರ ಒಳಬಗೆಗಳ ಹೆಸರಿನಲ್ಲಿ.

ವಿಷಯ ಹೀಗಿದೆ. ಕರಿಗುಡ್ಡೆಯ ಮುಂದಿರುವ ಗಾಜಿನಂಥ ಪದರವೇ ಕಾರ್ನಿಯಾ. ಅದರ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇದ್ದರೆ ಬೆಳಕು ಒಂದು ಚುಕ್ಕೆಯಲ್ಲಿ ಕೂಡುತ್ತದೆ. ಒಂದು ದಿಕ್ಕಿಗೆ ಬಾಗು ಜಾಸ್ತಿ, ಅದಕ್ಕೆ ನೇರ ಅಡ್ಡವಾದ ದಿಕ್ಕಿಗೆ ಕಡಿಮೆ ಇದ್ದರೆ ಹಾಗೆ ಕೂಡುವುದಿಲ್ಲ, ನೋಟ ಮಸುಕಾಗುತ್ತದೆ. ಇದೇ ಅಸ್ಟಿಗ್ಮ್ಯಾಟಿಸಂ. ಚಮಚವನ್ನು ಹಿಡಿ ಪಕ್ಕಕ್ಕೆ ಬರುವಂತೆ ಬೋರಲು ಹಾಕಿ ಮೇಲಿನಿಂದ ನೋಡಿ. ಎಡದಿಂದ ಬಲಕ್ಕೆ ಬಾಗು ಕಡಿಮೆ, ನಿಮ್ಮ ಕಡೆಯಿಂದ ಆಚೆಗೆ ಜಾಸ್ತಿ. ಕಣ್ಣಿನಲ್ಲಿ ಹೀಗೆ ಮೇಲಿನಿಂದ ಕೆಳಕ್ಕೆ ಬಾಗು ಜಾಸ್ತಿ ಇದ್ದರೆ ಅದು ವಿತ್ ದ ರೂಲ್. ಎಡದಿಂದ ಬಲಕ್ಕೆ ಜಾಸ್ತಿ ಇದ್ದರೆ ಅಗೇನ್ಸ್ಟ್ ದ ರೂಲ್. ಎರಡೂ ಅಲ್ಲದೆ ಓರೆಯಾಗಿದ್ದರೆ ಒಬ್ಲಿಕ್.

ಇವನ್ನು ‘ನಿಯಮಬದ್ಧ’, ‘ನಿಯಮವಿರುದ್ಧ’ ಅಂತ ಬರೆದರೆ ಓದುವವರು ಹೆದರುತ್ತಾರೆ. ತಮ್ಮ ಕಣ್ಣು ಯಾವುದೋ ನಿಯಮ ಮೀರಿದೆ, ಏನೋ ಕೆಟ್ಟಿದೆ ಅನ್ನಿಸುತ್ತದೆ ಅಲ್ವಾ? ಇಲ್ಲಿ ‘ರೂಲ್’ ಅಂದರೆ ಸಾಮಾನ್ಯವಾಗಿ ಕಾಣುವುದು ಅಂತ ಅಷ್ಟೇ. ಚಿಕ್ಕ ವಯಸ್ಸಿನವರಲ್ಲಿ ಮೊದಲನೆಯದು ಜಾಸ್ತಿ. ವಯಸ್ಸಾಗುತ್ತಾ ಎರಡನೆಯದರ ಕಡೆಗೆ ವಾಲುತ್ತದೆ. ಇದರಲ್ಲಿ ತಪ್ಪು ಒಪ್ಪಿನ ಮಾತೇ ಇಲ್ಲ.

ಹಾಗಾಗಿ ನನಗೆ ತೋಚಿದ್ದು: ನೆಟ್ಟಬಾಗು, ಅಡ್ಡಬಾಗು, ಓರೆಬಾಗು. ಯಾವ ದಿಕ್ಕಿಗೆ ಬಾಗು ಜಾಸ್ತಿ ಎಂದು ಹೆಸರೇ ಹೇಳುತ್ತದೆ. ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ತೊಂದರೆ) ಇರುವವರಲ್ಲಿ, ಕಾರ್ನಿಯಾ ಮೇಲೆ ಗಾಯದ ಕಲೆ ಉಳಿದವರಲ್ಲಿ ಬಾಗು ಕ್ರಮವಾಗಿ ಇರುವುದೇ ಇಲ್ಲ. ಆ ಇರ್ರೆಗ್ಯುಲರ್ ಬಗೆಗೆ ‘ಅಂಕುಡೊಂಕು ಬಾಗು’ಗಿಂತ ಒಳ್ಳೆಯ ಮಾತು ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ.

ಆದರೆ ಒಂದು ತೊಡಕಿದೆ. ಕಣ್ಣಿನ ಪವರ್ ಬರೆದುಕೊಡುವ ಚೀಟಿಯಲ್ಲಿ ಆಕ್ಸಿಸ್ ಅಂತ ಒಂದು ಅಂಕಿ ಇರುತ್ತದೆ, ಸಿಲಿಂಡರ್ ಯಾವ ದಿಕ್ಕಿಗೆ ಎಂದು ಡಿಗ್ರಿಯಲ್ಲಿ ಹೇಳುವುದು. ಮೈನಸ್ ಸಿಲಿಂಡರ್‌ನಲ್ಲಿ ಅದು ತೋರಿಸುವುದು ಬಾಗು ಕಡಿಮೆ ಇರುವ ದಿಕ್ಕನ್ನು. ಕಾರ್ನಿಯಾದ ಬಾಗು ಅಳೆಯುವ ಕೆರಟೋಮೀಟರ್‌ನಲ್ಲಿ 180 ಡಿಗ್ರಿಗೆ (ಅಡ್ಡಕ್ಕೆ) 43.00, 90 ಡಿಗ್ರಿಗೆ (ನೆಟ್ಟಗೆ) 45.00 ಬಂತು ಅನ್ನಿ. ನೆಟ್ಟಗೆ 2 ಡಯಾಪ್ಟರ್ (ಪವರ್ ಅಳೆಯುವ ಮಾನ) ಜಾಸ್ತಿ. ನನ್ನ ಲೆಕ್ಕದಲ್ಲಿ ಇದು ನೆಟ್ಟಬಾಗು. ಆದರೆ ಚೀಟಿಯಲ್ಲಿ ಬರುವುದು −2.00, ಆಕ್ಸಿಸ್ 180. ಅಂದರೆ ಅಡ್ಡ! ಹೆಸರು ಒಂದು ಕಡೆ, ಅಂಕಿ ಇನ್ನೊಂದು ಕಡೆ. ಕೈಪಿಡಿ ಓದಿದವರು ಚೀಟಿ ತೆಗೆದು ನೋಡಿಯೇ ನೋಡುತ್ತಾರೆ.

ಹಾಗಾದರೆ ಆಕ್ಸಿಸ್ ನೋಡಿಯೇ ಹೆಸರಿಡಬಹುದಲ್ಲ ಅಂತ ಕೇಳಬಹುದು. ನನಗೆ ಮನಸ್ಸು ಬರುತ್ತಿಲ್ಲ. ಚೀಟಿಯ ಸಿಲಿಂಡರ್ ಪೂರ್ತಿ ಕಾರ್ನಿಯಾದ್ದೇ ಆಗಿರಬೇಕಿಲ್ಲ, ಕಣ್ಣಿನೊಳಗಿನ ಮಸೂರದ ಪಾಲೂ ಇರಬಹುದು. 1801ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ ತನ್ನ ಕಣ್ಣಿನ ಈ ದೋಷವನ್ನು ವಿವರಿಸಿದಾಗ, ಕಣ್ಣನ್ನು ನೀರಿಗೆ ತಾಗಿಸಿ ಕಾರ್ನಿಯಾದ ಶಕ್ತಿಯನ್ನು ಹೆಚ್ಚುಕಡಿಮೆ ಇಲ್ಲವಾಗಿಸಿ ನೋಡಿದ. ದೋಷ ಹಾಗೆಯೇ ಉಳಿಯಿತು. ಅಂದರೆ ಅವನದು ಒಳಗಿನದು.

ಲೆನ್ಸ್ ಆರಿಸುವಾಗ ಈ ವ್ಯತ್ಯಾಸ ತುಂಬ ಮುಖ್ಯ. ಇಬ್ಬರ ಚೀಟಿಯಲ್ಲೂ −2.00, 180 ಇದೆ ಅಂದುಕೊಳ್ಳಿ. ಮೊದಲನೆಯವರದು ಕಾರ್ನಿಯಾದಲ್ಲೇ ಇರುವ ನೆಟ್ಟಬಾಗು. ಆರ್‌ಜಿಪಿ ಎಂಬ ಗಟ್ಟಿ ಲೆನ್ಸ್ ಹಾಕಿದರೆ ಅದರ ಅಡಿಯ ಕಣ್ಣೀರು ತಗ್ಗನ್ನು ತುಂಬಿಕೊಳ್ಳುತ್ತದೆ, ಸಿಲಿಂಡರ್ ಹೆಚ್ಚುಕಡಿಮೆ ಮಾಯ. ಎರಡನೆಯವರ ಕಾರ್ನಿಯಾ ಎಲ್ಲ ಕಡೆ 43.50, ಸಮವಾಗಿಯೇ ಇದೆ. ಅವರಿಗೆ ಅದೇ ಸಾದಾ ಗಟ್ಟಿ ಲೆನ್ಸ್ ಹಾಕಿದರೆ 2 ಡಯಾಪ್ಟರ್ ಪೂರ್ತಿ ಉಳಿಯುತ್ತದೆ. ಅವರಿಗೆ ಮೆತ್ತನೆಯ ಟೋರಿಕ್ ಲೆನ್ಸ್ (ಎರಡು ದಿಕ್ಕಿಗೆ ಬೇರೆ ಬೇರೆ ಪವರ್ ಇರುವುದು) ಸರಿ. ಸಾದಾ ಮೆತ್ತನೆ ಲೆನ್ಸ್ ಇಬ್ಬರಿಗೂ ಸಾಲದು, ಅದು ಕಾರ್ನಿಯಾ ಹೇಗಿದೆಯೋ ಹಾಗೇ ಬಾಗಿ ಕೂರುತ್ತದೆ. ಹೀಗೆ ಉಳಿಯುವ ರೆಸಿಡ್ಯುಯಲ್‌ಗೆ ‘ಉಳಿಕೆ ಸಿಲಿಂಡರ್’ ಅನ್ನುತ್ತಿದ್ದೇನೆ.

ಇನ್ನೊಂದು ಜೋಡಿಯೂ ಬೇಕು. ಕೆಲವರಲ್ಲಿ ಈ ಬಾಗಿನ ವ್ಯತ್ಯಾಸ ಕಾರ್ನಿಯಾದ ನಡುವೆ ಮಾತ್ರ, ಕೆಲವರಲ್ಲಿ ಅಂಚಿನವರೆಗೂ ಹಬ್ಬಿರುತ್ತದೆ. ಕೆರಟೋಮೀಟರ್ ಅಳೆಯುವುದು ನಡುವಿನ ಸುಮಾರು 3 ಮಿಲಿಮೀಟರ್ ಅಷ್ಟೇ, ಹಾಗಾಗಿ ಅದರಲ್ಲಿ ಇಬ್ಬರೂ ಒಂದೇ ಥರ ಕಾಣಬಹುದು. ಇಡೀ ಕಾರ್ನಿಯಾದ ಬಾಗು ತೋರಿಸುವ ಟೊಪೋಗ್ರಫಿ ನಕ್ಷೆಯಲ್ಲೇ ಬೇರೆ ಬೇರೆ ಅಂತ ಗೊತ್ತಾಗುವುದು. ಅಂಚಿನವರೆಗೆ ಹಬ್ಬಿದ್ದರೆ ಸಾದಾ ಗಟ್ಟಿ ಲೆನ್ಸ್ ಸರಿಯಾಗಿ ಕೂರದೆ ಅಲುಗಾಡುತ್ತದೆ. ‘ನಡುಬಾಗು’, ‘ಅಂಚುಬಾಗು’ ಅಂತ ಗುರುತು ಹಾಕಿಕೊಂಡಿದ್ದೇನೆ. ಆದರೆ ‘ಅಂಚುಬಾಗು’ ಅಂದರೆ ಅಂಚು ಮಾತ್ರ ಬಾಗಿದೆ ಅನ್ನುವ ಅರ್ಥ ಬರುತ್ತದೆ, ಸಮಾಧಾನವಿಲ್ಲ.

ತಿಳಿದವರು ಹೇಳಿ. ಚೀಟಿಯ ಅಂಕಿಯ ಜೊತೆ ತಿಕ್ಕಾಟ ಬಂದರೂ ನೆಟ್ಟಬಾಗು, ಅಡ್ಡಬಾಗು ಉಳಿಸಿಕೊಳ್ಳಲೇ? ‘ಅಂಚಿನವರೆಗೂ ಹಬ್ಬಿದ’ ಎನ್ನುವುದಕ್ಕೆ ಒಂದೇ ಪದ ಇದೆಯೇ? ‘ನೆಟ್ಟ’ ಬದಲು ‘ಲಂಬ’ವೇ ಹೆಚ್ಚು ಜನಕ್ಕೆ ತಿಳಿಯುತ್ತದೆ ಅನ್ನುವುದಾದರೆ ಅದನ್ನೂ ತಿಳಿಸಿ.