ಅಪ್‌ಡೇಟ್: ಪಾರ್ಕ್ ಜಾಗದ ಸಮುದಾಯ ಭವನದ ಪ್ರಸ್ತಾವ ಸದ್ಯಕ್ಕೆ ನಿಂತಿದೆ

ಬಡಾವಣೆಯ ಪಾರ್ಕ್ ಜಾಗದಲ್ಲಿ ಪುರಸಭೆಯವರು ಸಮುದಾಯ ಭವನ ಕಟ್ಟೋಕೆ ಹೊರಟಿದ್ದಾರೆ, ತಡೆಯೋದು ಹೇಗೆ ಅಂತ ಕೇಳಿದ್ನಲ್ಲ, ಅದರ ಮುಂದಿನ ಕಥೆ.

ಸಹಿ ಹಾಕಿಸಿ ಪುರಸಭೆಗೆ ಕೊಟ್ಟ ಮನವಿಗೆ ಹಿಂಬರಹವೂ (ಕಚೇರಿಯ ಲಿಖಿತ ಉತ್ತರ) ಬರಲಿಲ್ಲ. ಜಿಲ್ಲಾಧಿಕಾರಿಗೆ ಬರೆದದ್ದು 'ಸೂಕ್ತ ಕ್ರಮಕ್ಕಾಗಿ' ಅಂತ ತಿರುಗಿ ಪುರಸಭೆಗೇ ಬಂತು! ಕೆಲಸಕ್ಕೆ ಬಂದದ್ದು "ಮೊದಲು ಬಡಾವಣೆಯ ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ ತೆಗೆಸಿ" ಅಂತ ಇಲ್ಲಿ ಹೇಳಿದವರ ಸಲಹೆ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಯೋಜನಾ ಪ್ರಾಧಿಕಾರಕ್ಕೆ (ಬಡಾವಣೆ ನಕ್ಷೆಗೆ ಅನುಮೋದನೆ ಕೊಡೋ ಕಚೇರಿ) ಮಾಹಿತಿ ಹಕ್ಕು ಅರ್ಜಿ ಹಾಕಿದೆ. (ನಮ್ಮ ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯ, 150 ಪದದೊಳಗೆ ಇರಬೇಕು, ನೆನಪಿರಲಿ.) ನಕ್ಷೆಯಲ್ಲಿ ಆ ಜಾಗಕ್ಕೆ ಹಸಿರು ಬಣ್ಣ, ಮೇಲೆ 'ಉದ್ಯಾನವನ' ಅಂತ ಸ್ಪಷ್ಟ ಬರಹ. ಅದನ್ನು ಲಗತ್ತಿಸಿ, 1985ರ ಉದ್ಯಾನವನ, ಆಟದ ಮೈದಾನ, ಬಯಲು ಜಾಗಗಳ ಕಾಯ್ದೆ ಉಲ್ಲೇಖಿಸಿ ಮುಖ್ಯಾಧಿಕಾರಿಗೆ ಆಕ್ಷೇಪಣೆ ಕೊಟ್ಟೆ. ಸಾಮಾನ್ಯ ಸಭೆಯಲ್ಲಿ ವಾರ್ಡ್ ಸದಸ್ಯರು ನಕ್ಷೆ ಬಿಚ್ಚಿ ತೋರಿಸಿದ್ರಂತೆ. ಪ್ರಸ್ತಾವವನ್ನು ಸದ್ಯಕ್ಕೆ ಮುಂದೂಡಿದ್ರು, ಭವನಕ್ಕೆ ಬೇರೆ ಸಿಎ ಸೈಟ್ (ನಾಗರಿಕ ಸೌಲಭ್ಯಕ್ಕೆ ಅಂತ ಬಿಟ್ಟ ಜಾಗ) ನೋಡಿ ಅಂತ ಠರಾವಾಯ್ತು.

ಹುಡುಕುವಾಗ ಸಿಕ್ಕ ಇನ್ನೊಂದು ಸಂಗತಿ: ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕ್ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟದ್ದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಆಕ್ಷೇಪಣೆಯಲ್ಲಿ ಅದನ್ನೂ ಸೇರಿಸಿ.

ಈಗ ಠರಾವಿನ ನಕಲಿಗೆ ಅರ್ಜಿ ಹಾಕಿದ್ದೀನಿ. ಬಾಯಿಮಾತು ನಂಬೋಕಾಗಲ್ಲ.