ಕೆಟ್ಟದ್ದು ಮನೆಯೋ, ಸಹವಾಸವೋ?

ಪ್ರಶ್ನೆ (ದಾವಣಗೆರೆಯ ಒಬ್ಬ ತಾಯಿ):
ನನ್ನ ಮಗನಿಗೆ 14 ವರ್ಷ. ಆರು ತಿಂಗಳಿನಿಂದ ಶಾಲೆ ತಪ್ಪಿಸಿ ಕುಂದವಾಡ ಕೆರೆಯ ಏರಿಯ ಮೇಲೆ ಕೂರುತ್ತಾನೆ; ನಮ್ಮ ಮಂಡಕ್ಕಿ ಭಟ್ಟಿಯ ಗಲ್ಲಾದಿಂದ ಎರಡು ಸಲ ಹಣ ತೆಗೆದಿದ್ದಾನೆ; ಕಳೆದ ವಾರ ಎದುರುಮನೆಯವರ ಸ್ಕೂಟರಿನ ಸೀಟನ್ನು ಬ್ಲೇಡಿನಿಂದ ಕೊಯ್ದು ಬಂದ. ಅವರಪ್ಪ ಬೆಲ್ಟ್ ತೆಗೆಯುತ್ತಾರೆ. ಅತ್ತೆಯವರು ಅವನನ್ನು ಬೆನ್ನ ಹಿಂದೆ ಮರೆಮಾಡಿಕೊಂಡು, ಮರುದಿನ ಕೈಗೆ ನೂರು ರೂಪಾಯಿ ಇಡುತ್ತಾರೆ. ಯಜಮಾನರು ಸಹವಾಸ ದೋಷ ಎನ್ನುತ್ತಾರೆ. ನನಗೇಕೋ ಮನೆಯ ಮೇಲೆಯೇ ಅನುಮಾನ.

ಉತ್ತರ 1 (ನಿವೃತ್ತ ಪ್ರೌಢಶಾಲಾ ಶಿಕ್ಷಕ):
ತಂಗಿ, ಬೆಲ್ಟಿನಷ್ಟೇ ಆ ನೂರು ರೂಪಾಯಿಯೂ ನನಗೆ ಚಿಂತೆ ತಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಮನೆಗಳೊಳಗೆ ನಡೆಯುವುದನ್ನು ವರ್ಷಗಟ್ಟಲೆ ಗಮನಿಸಿ 1982ರಲ್ಲಿ ಬರೆದದ್ದು ಇದನ್ನೇ: ಹಿರಿಯರು ಗದರುತ್ತಾರೆ, ಮಗು ಇನ್ನೂ ಜೋರಾಗಿ ರಚ್ಚೆ ಹಿಡಿಯುತ್ತದೆ, ಬೇಸತ್ತ ಹಿರಿಯರು ಬಿಟ್ಟುಕೊಡುತ್ತಾರೆ, ಹಟ ಏರಿಸಿದರೆ ಗೆಲ್ಲಬಹುದೆಂದು ಮಗು ಕಲಿಯುತ್ತದೆ. ಅದೇ ವರಸೆಯನ್ನು ಶಾಲೆಗೆ ಒಯ್ದಾಗ ಸಹಪಾಠಿಗಳು ದೂರ ಸರಿಯುತ್ತಾರೆ, ಅಂಥವರೇ ಆದ ನಾಲ್ವರು ಹತ್ತಿರವಾಗುತ್ತಾರೆ. ಹಾಗಾಗಿ ಯಜಮಾನರು ಹೇಳುವ ಸಹವಾಸ ಸುಳ್ಳಲ್ಲ, ಆದರೆ ಅದು ಎರಡನೆಯ ಮೆಟ್ಟಿಲು. ಹೊಡೆತ ನಿಲ್ಲಲಿ, ಸೀಟಿನ ಖರ್ಚನ್ನು ಹುಡುಗ ಭಟ್ಟಿಯಲ್ಲಿ ಚೀಲ ಹೊಲಿದು ತೀರಿಸಲಿ, ಅಜ್ಜಿಯೂ ಅಪ್ಪನೂ ಅದೊಂದು ಮಾತಿಗಾದರೂ ಬದ್ಧರಾಗಿರಲಿ.

ಉತ್ತರ 2 (ಚಿತ್ರದುರ್ಗದಿಂದ):
ಮೇಷ್ಟ್ರ ಮಾತು ಒಪ್ಪುವಂಥದ್ದೇ, ಆದರೆ ಅಕ್ಕ ಬರೆದಿರುವ 'ಆರು ತಿಂಗಳು' ಎಂಬುದನ್ನು ಅವರು ದಾಟಿಹೋದರು. ಚಿಕ್ಕಂದಿನಿಂದಲೇ ಶುರುವಾಗಿ ಉಳಿದುಕೊಳ್ಳುವ ಪುಂಡತನ ಬೇರೆ, ಹದಿವಯಸ್ಸಿನಲ್ಲಿ ಕಾಣಿಸಿಕೊಂಡು ಬಹುಪಾಲು ಮಕ್ಕಳಲ್ಲಿ ಬಿಟ್ಟುಹೋಗುವಂಥದ್ದು ಬೇರೆ ಎಂದು ಮನಶ್ಶಾಸ್ತ್ರಜ್ಞೆ ಟೆರಿ ಮೊಫಿಟ್ 1993ರಲ್ಲೇ ವಿಂಗಡಿಸಿದ್ದಾರೆ. ಅಕ್ಕಾ, ಐದಾರು ವರ್ಷದವನಿದ್ದಾಗ ಅವನು ಹೇಗಿದ್ದ? ಆರು ತಿಂಗಳ ಹಿಂದೆ ಮನೆಯಲ್ಲಿ ಏನಾಯಿತು?

ಪ್ರಶ್ನೆ ಕೇಳಿದವರು:
ಚಿಕ್ಕವನಿದ್ದಾಗ ಬಲು ಸಾಧು. ಭಟ್ಟಿಯ ಸಾಲದವರು ಬಾಗಿಲಿಗೆ ಬರತೊಡಗಿದ್ದು ಆಗಲೇ. ರಾತ್ರಿ ನಮ್ಮಿಬ್ಬರ ಜಗಳ ಅಡುಗೆಮನೆಯಲ್ಲಿ. ಅವನ ಹಾಸಿಗೆ ಗೋಡೆಯಾಚೆ.

ಉತ್ತರ 2:
ನಮ್ಮ ಜಿಲ್ಲೆಗಳಂತೆಯೇ ಮೆಕ್ಕೆಜೋಳದ ನಾಡಾದ ಅಮೆರಿಕದ ಅಯೋವಾದಲ್ಲಿ, 1980ರ ದಶಕದ ಕೃಷಿ ಬಿಕ್ಕಟ್ಟಿನ ನಂತರ ರ‍್ಯಾಂಡ್ ಕಾಂಗರ್ ಎಂಬ ಸಂಶೋಧಕರ ತಂಡ ಹಳ್ಳಿಗಾಡಿನ ಕುಟುಂಬಗಳನ್ನು ಅಭ್ಯಸಿಸಿತು. ಹಣದ ಮುಗ್ಗಟ್ಟು ಮಕ್ಕಳನ್ನು ಮುಟ್ಟುತ್ತಿದ್ದುದು ಬಹುಮಟ್ಟಿಗೆ ಹೆತ್ತವರ ಕುಗ್ಗಿದ ಮನಸ್ಸು, ಜಗಳ, ಸಿಡುಕುಗಳ ಮೂಲಕ. ಸಾಲ ಎಷ್ಟಿದೆ, ಹೇಗೆ ತೀರಿಸುತ್ತೀರಿ ಎಂಬುದನ್ನು ಅವನನ್ನು ಕೂರಿಸಿಕೊಂಡು ಹೇಳಿ. ಗೋಡೆಯಾಚೆಯಿಂದ ಅರ್ಧ ಅವನಿಗೆ ಗೊತ್ತೇ ಇದೆ. ಮಾತು ಕೈಮೀರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ.

ಪ್ರಶ್ನೆ ಕೇಳಿದವರು:
ಯಜಮಾನರಿಗೆ ಓದಿ ಹೇಳಿದೆ. ಅವರು ಏನೂ ಅನ್ನದೆ, ಸಾಲದ ಪುಸ್ತಕವನ್ನು ಅಟ್ಟದಿಂದ ಇಳಿಸಿ ಮೇಜಿನ ಮೇಲಿಟ್ಟಿದ್ದಾರೆ.