ಅಪ್‌ಡೇಟ್: ಚಾರ್ಮಾಡಿ ಘಾಟಿಯಲ್ಲಿ ವಾಂತಿ, ಕೊನೆಗೆ ಫಲಿಸಿದ್ದು ಇದು

ದಸರಾ ರಜೆಗೆ ಧರ್ಮಸ್ಥಳಕ್ಕೆ ಬಸ್ಸಲ್ಲಿ ಹೋಗುವಾಗ ಮಗಳಿಗೆ ಘಾಟಿಯಲ್ಲಿ ವಾಂತಿಯಾಗದಂತೆ ಏನು ಮಾಡಲಿ ಅಂತ ಕೇಳಿದ್ದೆ. ಹೋಗಿ ಬಂದ್ವಿ, ಒಂದು ಸಲವೂ ಆಗಲಿಲ್ಲ!

ಗೆದ್ದಿದ್ದು "ಮಾತ್ರೆ ಮೊದಲೇ ಕೊಡಿ" ಅಂದವರ ಸಲಹೆ. ಡಾಕ್ಟರ್ ಬರೆದುಕೊಟ್ಟಿದ್ದನ್ನು ಬೇಲೂರಲ್ಲಿ ಎರಡು ಇಡ್ಲಿ ತಿನ್ನಿಸಿ ಕೊಟ್ಟೆ, ಘಾಟಿ ಶುರುವಾಗುವ ಕೊಟ್ಟಿಗೆಹಾರಕ್ಕೆ ಇನ್ನೂ ಒಂದು ಗಂಟೆ ಇರುವಾಗ. ಹೊಟ್ಟೆ ತೊಳಸಲು ಶುರುವಾದರೆ ಜಠರವೇ ನಿಧಾನವಾಗುತ್ತದಂತೆ, ಆಮೇಲೆ ನುಂಗಿದ ಮಾತ್ರೆ ಕರುಳಿಗೆ ಇಳಿಯುವುದೇ ತಡ. ಇದು ನನಗೆ ಹೊಸ ವಿಷಯ. ಇಷ್ಟು ದಿನ ತಿರುವು ಬಂದ ಮೇಲೆ ಕೊಡುತ್ತಿದ್ದೆ.

ಮುಂದಿನ ಸೀಟು, ಕಣ್ಣು ದೂರದ ರಸ್ತೆಯ ಮೇಲೆ, ಮೊಬೈಲ್ ಬಂದ್: ಇದೂ ನೆರವಾಯಿತು. ನಿಂಬೆಹಣ್ಣು ಮೂಸಿದ್ದರಿಂದ ಏನೂ ಉಪಯೋಗವಾಗಲಿಲ್ಲ.

ಮಾತ್ರೆಗೆ ಮಂಪರು ಬರುತ್ತದೆ, ಗಾಡಿ ಓಡಿಸುವವರು ನುಂಗಬೇಡಿ. ಪುಟ್ಟ ಮಕ್ಕಳಿಗೆ ಡಾಕ್ಟರನ್ನು ಕೇಳದೆ ಕೊಡಲೇಬೇಡಿ.